ಎರಡು ಕೊಟೇಶನ್

ಫ್ರಿಜ್ಜಿನ ಬಾಗಿಲಲ್ಲಿ ಎರಡು ಕೊಟೇಶನ್,
ಒಂದೇ ಮ್ಯಾಗ್ನೆಟ್ಟಿನಡಿ, ಹದಿನೆಂಟು ದಿನದಿಂದ.
ಹಾಲಿಗೆಂದು ಬಾಗಿಲು ತೆಗೆದರೆ ಬಿಳಿದು ಜಾರುತ್ತದೆ,
ಮೊಸರಿಗೆಂದು ತೆಗೆದರೆ ನೀಲಿದು.

ನಮ್ಮದು ಡೀಸೆಲ್ ಪಂಪ್ ರಿಪೇರಿಯ ಮನೆ.
ಆಟೋ ಕಾಂಪ್ಲೆಕ್ಸಿನಲ್ಲಿ ಇಪ್ಪತ್ತಾರು ವರ್ಷ
ನಾಝಲ್ಲಿನ ಹನಿ ನೋಡಿ ಲಾರಿಯ ಕಾಯಿಲೆ ಹೇಳಿದವರು ಇವರು.
ಅನ್ನ ಹಾಕಿದ್ದು ಆ ಹೊಗೆಯೇ. ಯಾವ ಸೋಪಿಗೂ ಬಿಡದೆ
ಕಾಲರಿಗೆ ಅಂಟಿದ್ದು ಒಗೆದವಳಿಗೆ ಗೊತ್ತು.
ಈಗ ಎಂಜಿನ್ನೇ ಇಲ್ಲದ್ದನ್ನು ಕೊಳ್ಳುವುದೆಂದರೆ
ಬಾಚಣಿಗೆ ಮಾರುವವ ಬೋಳುತಲೆಯವರ ಮನೆಗೆ
ಅಳಿಯನಾಗಿ ಹೋದಂತೆ
ಅಂತ ಪಕ್ಕದ ಶೆಡ್ಡಿನ ಬಾಷಾ ನಕ್ಕಿದ್ದು ಸಾಲಿಗೆಲ್ಲ ಕೇಳಿಸಿತ್ತು.

ಮಗಳು ನಿಹಾರಿಕ ಲೆಕ್ಕದವಳು. ಎರಡು ಕಾಲಂ ಎಳೆದಳು.
ಬಿಳಿದು ಒಂದು ಚಾರ್ಜಿಗೆ, ಕಾಗದದ ಮೇಲೆ, ನಾನೂರ ಎಂಬತ್ತು.
ನೀಲಿದು ನಾನೂರ ಹತ್ತು, ಒಂದು ಲಕ್ಷದ ಮೂವತ್ತು ಸಾವಿರ ಕಡಿಮೆ.
"ಬ್ಯಾಟರಿಗೆ ಎಂಟು ವರ್ಷ ವಾರಂಟಿ" ಅಂದ ಷೋರೂಮಿನ ಹುಡುಗ.
"ನಂಗೇ ಅಷ್ಟು ಕೊಟ್ಟಿಲ್ಲ ಮಾರಾಯ" ಅಂದರು ಅತ್ತೆ,
ಗಾಡಿಗೆ ಬೆನ್ನು ಕೊಟ್ಟು, ಮೊದಲು ಕೂತು,
ಆಮೇಲೆ ಕಾಲುಗಳನ್ನು ಒಂದೊಂದಾಗಿ ಒಳಗೆಳೆದುಕೊಂಡು.
ಬಿಳಿದರಲ್ಲಿ ಮೊಣಕಾಲು ಎರಡು ಸಲ ಕಟಕ್ ಅಂತು,
ನೀಲಿದರಲ್ಲಿ ಒಂದು ಸಲ.
ಅದು ಯಾವ ಕಾಲಮ್ಮಿಗೂ ಹೋಗಲಿಲ್ಲ.

ಇವರು ಒಳ್ಳೆ ಅಂಗಿಯಲ್ಲೇ ಗಾಡಿಯಡಿ ಮಲಗಿದರು,
ನೆಲಕ್ಕೂ ತಳಕ್ಕೂ ಎಷ್ಟು ಗೇಣೆಂದು ಅಳೆದರು.
ಅಡಿಯೆಲ್ಲ ಕಾವಲಿಯ ಹಾಗೆ ಚಪ್ಪಟೆ.
ಬೋಲ್ಟು ಹುಡುಕುವ ಬೆರಳು ಸವರಿ ಸವರಿ
ಬರಿಗೈಲಿ ಹೊರಗೆ ಬಂತು. ಒಂದು ಹನಿ ಎಣ್ಣೆಯಿಲ್ಲ.
ಆದರೂ ಜೇಬಿನ ವೇಸ್ಟ್ ಬಟ್ಟೆ ತೆಗೆದು
ಬೆರಳ ಸಂದಿಯನ್ನೂ ಬಿಡದೆ ಒರೆಸಿಕೊಂಡರು.
ನಾನು ಬೇರೆ ಕಡೆ ನೋಡಿದೆ.

ಶನಿವಾರ ಬಿಳಿದರಲ್ಲಿ ಆಗುಂಬೆಗೆ. ಭಾನುವಾರ ನೀಲಿದರಲ್ಲಿ.
ಮಂಡಗದ್ದೆ ತಿರುವಿನಲ್ಲಿ ಎಮ್ಮೆಯೊಂದು
ರಸ್ತೆ ಬಿಡದೆ ನಿಂತೇ ಇತ್ತು;
ಸದ್ದಿಲ್ಲದ್ದು ಬಂದರೆ ಅದಕ್ಕಾದರೂ ಹೇಗೆ ತಿಳಿಯಬೇಕು.
ತೀರ್ಥಹಳ್ಳಿಯಲ್ಲಿ ಕರೆಂಟು ಹೋಗಿತ್ತು. ಚಾರ್ಜರಿನ ಕಂಬ
ಸಾಲ ಕೇಳಿದ ನೆಂಟನೆದುರು ನಿಂತವರ ಹಾಗೆ
ಎತ್ತಲೋ ನೋಡುತ್ತಿತ್ತು. ಕಾಫಿ ಕುಡಿದೆವು, ಮತ್ತೆ ಕಾಫಿ ಕುಡಿದೆವು.
ಘಾಟಿ ಇಳಿದು ಸೋಮೇಶ್ವರ ಮುಟ್ಟುವಾಗ ಮಗಳು ಕೂಗಿದಳು:
"ಅಪ್ಪಾ, ಚಾರ್ಜು ಮೂರು ಪರ್ಸೆಂಟ್ ಜಾಸ್ತಿ ಆಗಿದೆ!"
ಇಳಿಯುತ್ತ ಗಳಿಸುವ ಗಾಡಿ.
ಇವರು ಮೀಟರಿನ ಗಾಜನ್ನು ಉಗುರಿನಿಂದ ತಟ್ಟಿ ನೋಡಿದರು.
ಇಳಿಜಾರಿನಲ್ಲಿ ಕಳಕೊಂಡವರನ್ನಷ್ಟೇ ಕಂಡ ಮನುಷ್ಯ:
ಬ್ರೇಕು, ಲೈನಿಂಗು, ಒಮ್ಮೆ ಒಬ್ಬ ಕ್ಲೀನರ್ ಹುಡುಗ.

ನೀಲಿದು ಅರವತ್ತು ದಾಟಿದಾಗ
ಹಿಂದಿನ ಎಡಚಕ್ರದ ಕಡೆಯಿಂದ ಸಣ್ಣಗೆ ಊಂ.
ಷೋರೂಮಿನವನಿಗೆ ಕೇಳಿಸಲಿಲ್ಲ, ಮಗಳಿಗೂ.
ಇವರು ಕಿವಿಗೊಟ್ಟರು. ಎರಡು ದಿನದಲ್ಲಿ ಮೊದಲ ಸಲ ಮುಖ ಅರಳಿತು.
"ಬೇರಿಂಗು" ಅಂದರು. "ಸದ್ಯ, ಇದಕ್ಕೂ ಏನಾದ್ರೂ ಆಗುತ್ತೆ."

ನಾನು ಯಾರಿಗೂ ಹೇಳಿರಲಿಲ್ಲ.
ಮದುವೆಯಾದ ಎರಡನೇ ವರ್ಷ, ಕ್ಲಚ್ಚು ಹಟಕ್ಕನೆ ಬಿಟ್ಟು,
ಓಮ್ನಿಯನ್ನು ಬಸವನಗುಡಿಯ ಚರಂಡಿಗಿಳಿಸಿದವಳು.
ಅಂದಿನಿಂದ ಪಕ್ಕದ ಸೀಟು.
ಭಾನುವಾರ ಸಂಜೆ, ಗೋಪಾಳದ ಖಾಲಿ ಸೈಟುಗಳ ನಡುವೆ,
"ಒಂದು ರೌಂಡು ಕೊಡಿ" ಅಂದೆ.
ಎಡಗಾಲು ಸ್ವಲ್ಪ ಹೊತ್ತು ಕ್ಲಚ್ಚಿಗಾಗಿ ತಡಕಾಡಿತು,
ಆಮೇಲೆ ಚಪ್ಪಲಿ ಕಳಚಿ ಹಾಯಾಗಿ ಕೂತಿತು.
ಬಾನೆಟ್ಟಿನ ತುದಿ ಕಾಣುತ್ತಿತ್ತು.
ಬಿಳಿದರಲ್ಲಿ ಕೂತೂ ನೋಡಿದ್ದೆ, ಕಾಣುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಮ್ಯಾಗ್ನೆಟ್ಟಿನಡಿ ಒಂದೇ ಕಾಗದ.
ಯಾರು ತೆಗೆದರೆಂದು ಯಾರೂ ಕೇಳಲಿಲ್ಲ.
ಇನ್ನೊಂದರ ಬೆನ್ನಿಗೆ ರಾತ್ರಿಯೇ ಕಿರಾಣಿ ಪಟ್ಟಿ ಬರೆದಿದ್ದೆ:
ತೊಗರಿಬೇಳೆ ಎರಡು ಕೇಜಿ, ಅತ್ತೆಯ ಮೊಣಕಾಲಿನ ಎಣ್ಣೆ,
ಒಂದು ಬಾರ್ ಸೋಪು (ಸಣ್ಣದು ಸಾಕು),
ಎಲ್‌ಎಲ್‌ಆರ್‌ಗೆ ನನ್ನ ಎರಡು ಫೋಟೋ.