ವಸ್ತ್ರಗಳ ಲೆಕ್ಕ

ಪಾದ್ರಿ ಅನ್ಸೆಲ್ಮೊ ರಾತ್ರೋರಾತ್ರಿ ಆಂಡೀಸ್ ಇಳಿದು ಹೋದರು,
ಇಗರ್ಜಿಯ ಬೀಗದಕೈ ನನ್ನ ಅಂಗೈಗಿಟ್ಟು.
"ಸತುರ್ನಿನಾ, ಪೀಠದ ವಸ್ತ್ರಗಳು ಇಪ್ಪತ್ತು. ನೆನಪಿರಲಿ."
ನಾನು ಅವುಗಳ ಅಗಸಗಿತ್ತಿ.
ಮೇಣದ ಕಲೆ, ದ್ರಾಕ್ಷಾರಸದ ಕಲೆ,
ಯಾವುದಕ್ಕೆ ಬೂದಿ, ಯಾವುದಕ್ಕೆ ಬಿಸಿಲು,
ನನಗೆ ಗೊತ್ತಿದ್ದ ಶಾಸ್ತ್ರ ಅಷ್ಟೇ.

ಆಮೇಲೆ ಸೈನಿಕರು ಬಂದರು.
ಅವರಿಗೂ ಮೊದಲು ಬೆಟ್ಟದ ಮೇಲಿನವರು ಬಂದಿದ್ದರು.
ಇಬ್ಬರೂ ನಮ್ಮದೇ ಆಲೂಗಡ್ಡೆ ತಿಂದು
ಅವರಿಗೂ ಬಡಿಸಿದಿರಾ ಎಂದು ನಮ್ಮನ್ನೇ ಹೊಡೆದರು.

ಮಂಗಳವಾರ ಸೇತುವೆಯ ಬಳಿ
ನೇಕಾರ ಎಲೌತೇರಿಯೊ ಅಂಗಾತ ಬಿದ್ದಿದ್ದ,
ಒಂದು ಕಾಲಿಗೆ ಮಾತ್ರ ಚಪ್ಪಲಿ.
ಮುಟ್ಟಿದವರನ್ನೂ ಅಲ್ಲೇ ಮಲಗಿಸುತ್ತೇವೆಂದು
ಗಂಟೆಗೋಪುರದ ಕೆಳಗೆ ನಿಂತು ಕೂಗಿ ಹೇಳಿದರು.
ಬುಧವಾರವೂ ಬಿದ್ದಿದ್ದ.
ಗುರುವಾರ ನಾಯಿಗಳು ಆ ಕಡೆ ಹೊರಟವು.

ದೇವರು ಕರೆದ ಎಂದರೆ ನೀವು ಏನೇನೋ ಅಂದುಕೊಳ್ಳುತ್ತೀರಿ.
ಬೆಳಕಿರಲಿಲ್ಲ, ದನಿಯಿರಲಿಲ್ಲ.
ಒಲೆಯ ಮೇಲೆ ಜೋಳದ ಗಂಜಿ ಕುದಿಯುತ್ತಿತ್ತು,
ಮೂಲೆಯಲ್ಲಿ ಗುದ್ದಲಿ ಒರಗಿತ್ತು,
ದಿನವೂ ಅಲ್ಲೇ ಒರಗಿರುವ ಗುದ್ದಲಿ.
ಅವತ್ತು ಅದಕ್ಕೆ ಬೆನ್ನು ಮಾಡಿ ಕೂರಲಾಗಲಿಲ್ಲ.

ನಾನಂದೆ: ಗಂಜಿ ಸೀಯುತ್ತದೆ.
ನಾನಂದೆ: ನನಗೆ ಓದು ಬಾರದು. ಸತ್ತವರ ಪ್ರಾರ್ಥನೆ
ಅರ್ಧ ಕೇಳಿಸಿಕೊಂಡಿದ್ದೇನೆ, ಇನ್ನರ್ಧದ ಹೊತ್ತಿಗೆ
ಯಾವಾಗಲೂ ಯಾರದೋ ಮಗು ಅಳುತ್ತಿತ್ತು.
ನಾನಂದೆ: ಬೀದಿಯ ತುದಿಯಲ್ಲಿ ಫ್ಲೋರೆನ್ಸಿಯೊ ಇದ್ದಾನಲ್ಲ,
ಹೋದ ಹಬ್ಬದಲ್ಲಿ ಗೂಳಿಯ ಕೊಂಬು ಹಿಡಿದ ಗಟ್ಟಿಗ,
ಅವನನ್ನು ಕೇಳು.
ದೇವರು ವಾದ ಮಾಡಲಿಲ್ಲ.
ಮಾಡಿದ್ದರೆ ನಾನೇ ಗೆಲ್ಲುತ್ತಿದ್ದೆನೇನೋ.
ಸುಮ್ಮನಿದ್ದ. ಗಂಜಿ ಸೀದುಹೋಯಿತು.

ಪೆಟ್ಟಿಗೆಯಿಂದ ಹರಿದದ್ದೊಂದು ವಸ್ತ್ರ ತೆಗೆದೆ.
ಬಾಗಿಲ ತನಕ ಹೋಗಿ, ನಾಚಿಕೆಯಾಗಿ, ಅದನ್ನಿಟ್ಟು
ಈಸ್ಟರಿನದನ್ನೇ ಎತ್ತಿಕೊಂಡೆ.

ದಾರಿಯಲ್ಲಿ ನನ್ನ ಲಂಗ ಒದ್ದೆಯಾಯಿತು.
ಹೇಳಿಕೊಳ್ಳುತ್ತೇನೆ, ಈ ವಯಸ್ಸಿಗೆ ಸಂಕೋಚ ಎಂಥದು.
ನೀಲಗಿರಿ ಎಲೆಗಳ ಸಪ್ಪಳ ಬೂಟಿನ ಸಪ್ಪಳವಾಗಿ ಕೇಳಿ
ಮೂರು ಸಲ ಹಿಂದಿರುಗಿದೆ. ಮೂರು ಸಲವೂ
ಮನೆಯ ಕಡೆಗೂ ಅಷ್ಟೇ ಭಯವಿತ್ತು.
ಹಾಗಾಗಿ ಮುಂದೆ ಹೋದೆ. ಧೈರ್ಯ ಎನ್ನಬೇಡಿ ಅದನ್ನು.

ಸೇತುವೆಯ ಕಾವಲಿಗಿದ್ದವನು ಹುಡುಗ.
ಬಂದೂಕಿಗೆ ಅವನಿಗಿಂತ ಹೆಚ್ಚು ವಯಸ್ಸು.
ಎತ್ತಿದ. ನಾನು ಮೊಣಕಾಲೂರಿದೆ,
ಭಕ್ತಿಗೇನೂ ಅಲ್ಲ, ಕಾಲು ಸೋತಿತ್ತು.
ಊರಿದ ಜಾಗದಲ್ಲೇ ಅಗೆಯತೊಡಗಿದೆ.
ಗುದ್ದಲಿ ಕಲ್ಲಿಗೆ ತಾಗಿದಾಗಲೆಲ್ಲ
ಇದೇ ಗುಂಡು ಎಂದು ಕಣ್ಣು ಮುಚ್ಚಿಕೊಂಡೆ.
ಎಷ್ಟೋ ಹೊತ್ತಾದ ಮೇಲೆ, ನಮ್ಮದೇ ಕೆಚುವಾದಲ್ಲಿ,
ಮುಖವನ್ನು ಹೊಳೆಯ ಕಡೆ ತಿರುಗಿಸಿಕೊಂಡೇ ಹೇಳಿದ:
"ಇನ್ನಷ್ಟು ಆಳ ತೋಡಮ್ಮಾ. ನಾಯಿಗಳಿವೆ."

ಗೊತ್ತಿದ್ದ ಅರ್ಧ ಪ್ರಾರ್ಥನೆ ಹೇಳಿದೆ.
ಉಳಿದರ್ಧಕ್ಕೆ ಎಲೌತೇರಿಯೊ ನೇಯ್ದ ಕಂಬಳಿಗಳನ್ನು ನೆನೆದೆ:
ನನ್ನ ಮದುವೆಯ ಕೆಂಪಂಚಿನದು,
ಮಳೆಗಾಲದ ಕಂದು ಬಣ್ಣದ್ದು,
ಎಂಟು ದಿನದ ಮಗುವನ್ನು ಸುತ್ತಿ ಹೂತ ಚಿಕ್ಕದೊಂದು.
ಆಮೆನ್ ಎಂದೆ. ಹುಡುಗ ಕೆಮ್ಮಿದ.

ಭಾನುವಾರ ಮತ್ತೊಬ್ಬ. ಸುಗ್ಗಿಯ ಹೊತ್ತಿಗೆ ಏಳು ಜನ.
ಯಾರೂ ಜೊತೆಗೆ ಬರಲಿಲ್ಲ.
ಒಂದು ಬೆಳಗ್ಗೆ ಮಾತ್ರ, ಬಾಗಿಲು ತೆರೆದರೆ,
ಗುದ್ದಲಿಗೆ ಯಾರೋ ಹೊಸ ಕಾವು ಹಾಕಿಟ್ಟಿದ್ದರು.
ಲಂಗ ಪ್ರತಿ ಸಲವೂ ಒದ್ದೆಯಾಯಿತು.
ಎರಡು ಲಂಗ ಇಟ್ಟುಕೊಳ್ಳುವುದನ್ನು ಕಲಿತೆ.

ಎರಡು ವರ್ಷದ ಮೇಲೆ ಪಾದ್ರಿ ಹಿಂದಿರುಗಿದರು,
ಸೊರಗಿದ್ದರು, ಕನ್ನಡಕ ಬಂದಿತ್ತು.
ಪೆಟ್ಟಿಗೆ ತೆರೆದು ಬೆರಳಲ್ಲಿ ಎಣಿಸಿದರು.
ಒಂಬತ್ತು. ಮತ್ತೆ ಎಣಿಸಿದರು.
"ಸತುರ್ನಿನಾ, ಉಳಿದ ಹನ್ನೊಂದು?"

ಕಿಟಕಿಯಿಂದ ಸೇತುವೆಯ ಕಡೆಯ ಇಳಿಜಾರು ಕಾಣುತ್ತಿತ್ತು.
ಕೈ ತೋರಿಸಿದೆ.
ಅವರು ಕನ್ನಡಕ ತೆಗೆದು ಒರೆಸುತ್ತಾ ನಿಂತರು, ತುಂಬಾ ಹೊತ್ತು.
ನಾನು ಆ ಒಂಬತ್ತನ್ನು ಹೊಳೆಗೆ ಒಯ್ದೆ.
ಒಳ್ಳೆಯ ಬಿಸಿಲಿತ್ತು.