ರಟ್ಟಿನೊಳಗೆ

(ಶ್ವಾಬಿಯಾದ ಪುಸ್ತಕ ಕಟ್ಟುವವನೊಬ್ಬನ ಮಾತು, ೧೬೯೪)

ನಮ್ಮೂರಿಗೆ ಚರ್ಚು ಒಂದೇ, ಬೀಗದ ಕೈ ಎರಡು.
ಬೆಳಿಗ್ಗೆ ಆರಕ್ಕೆ ಅಮ್ಮನ ಕಡೆಯವರ ಬಲಿಪೂಜೆ,
ಎಂಟಕ್ಕೆ ಅಪ್ಪನ ಕಡೆಯವರ ಪ್ರಸಂಗ.
ನಡುವೆ ಬಾಗಿಲು ಹಾರುಹೊಡೆದಿಟ್ಟರೂ
ಧೂಪ ಹೋಗುತ್ತಿರಲಿಲ್ಲ;
ಅದನ್ನೇ ಉಸಿರಾಡುತ್ತ
ಅದರ ವಿರುದ್ಧ ಹಾಡುತ್ತಿದ್ದೆವು ನಾವು.

ಗಂಡಾದರೆ ಅಪ್ಪನ ಮತಕ್ಕೆ, ಹೆಣ್ಣಾದರೆ ಅಮ್ಮನದಕ್ಕೆ,
ಮದುವೆಗೆ ಮೊದಲೇ ಕಾಗದವಾಗಿತ್ತು.
ನಾನು ಇತ್ತ, ಆಫ್ರಾ ಅತ್ತ.
ಪಂಚಾಂಗವೂ ಎರಡು. ಅವಳ ಕ್ರಿಸ್‌ಮಸ್ ಕಳೆದು
ಹತ್ತು ದಿನಕ್ಕೆ ನನ್ನದು.
ಆ ಹತ್ತೂ ದಿನ ಅವಳ ಜೇನುರೊಟ್ಟಿ ಕದ್ದು ತಿಂದೆ,
ನನ್ನ ಯೇಸು ಇನ್ನೂ ಹುಟ್ಟಿರಲಿಲ್ಲ.

ಅಮ್ಮನಿಗೆ ಓದು ಬರದು. ಕಥೆ ಬರುತ್ತಿತ್ತು:
ಕುರುಡ ಅಪ್ಪ, ಸಾಲ ವಸೂಲಿಗೆ ಹೊರಟ ಮಗ,
ದಾರಿಗೆ ಜೊತೆಯಾದ ಅಪರಿಚಿತ
(ಅವನು ದೇವದೂತ, ಹುಡುಗನಿಗೆ ಗೊತ್ತಿಲ್ಲ),
ಕಣ್ಣಿಗೆ ಹಚ್ಚುವ ಮೀನಿನ ಪಿತ್ತ.
ಮತ್ತೆ, ಹಿಂದೆ ಹಿಂದೆ, ಒಂದು ನಾಯಿ.
ಅದಕ್ಕೆ ಹೆಸರಿಲ್ಲ. ಕೆಲಸವೂ ಇಲ್ಲ.
ಹೋಗುತ್ತದೆ, ಬರುತ್ತದೆ, ಬಾಲ ಅಲ್ಲಾಡಿಸುತ್ತದೆ.
‘ಅದು ನಮ್ಮಲ್ಲಿ ಲೆಕ್ಕಕ್ಕಿಲ್ಲ’ ಎಂದ ಅಪ್ಪ.
‘ನಾಯಿಯೇ?’ ಎಂದಳು ಅಮ್ಮ.
‘ಕಥೆಯೇ.’

ಅಪ್ಪನ ಪುಸ್ತಕದಲ್ಲಿ ಅದು ಹಳೆಯದಕ್ಕೂ ಹೊಸದಕ್ಕೂ ನಡುವೆ,
ಒಳಗೆ ಕರೆಯದೆ ಜಗಲಿಯಲ್ಲೇ ಕೂರಿಸಿದ ನೆಂಟರ ಹಾಗೆ:
ಸರಿಸಮ ಅಲ್ಲ, ಓದಿದರೆ ಒಳ್ಳೆಯದು
ಎಂದು ಮೇಲೊಂದು ಸಾಲು.

ಕಸುಬು ಕಲಿತೆ. ಎರಡೂ ಕಡೆಯವರು ನನ್ನಲ್ಲೇ ಕಟ್ಟಿಸಿದರು,
ಊರಲ್ಲಿ ಬೇರೆ ಕಟ್ಟುವವನಿರಲಿಲ್ಲ.
ಪಾದ್ರಿ ಜೆರ್ಲೆ ಬೆರಳೆತ್ತುವರು:
ಯಾವುದು ಒಳಗೆ ಯಾವುದು ಹೊರಗೆ ಎಂದವರು ನಾವು;
ತಾಯಿ ಮೊದಲೋ, ಕೂಸು ಮೊದಲೋ?
ಪಾಸ್ಟರ್ ಗ್ಲೋಕ್ಲರ್ ನಗುವರು: ಕುರಿ ಕುರುಬನ ದನಿ ಗುರುತಿಸಿತು, ಸರಿ;
ಗುರುತಿಸಿದ್ದಕ್ಕೆ ಕುರುಬನಿಗೆ ಒಡೆಯನಾಯಿತೇ?
ಎತ್ತು ಏರಿಗೆ, ಕೋಣ ನೀರಿಗೆ.
ನಾನು ನಡುವೆ ದಾರಕ್ಕೆ ಮೇಣ ಉಜ್ಜುತ್ತಿದ್ದೆ.
ಹಾಳೆಗಳು ಬರುವುದು ಬಿಡಿಬಿಡಿ, ಪೀಪಾಯಿಯಲ್ಲಿ.
ಯಾವುದೂ ತಾನಾಗಿ ಹೊಲಿದುಕೊಂಡದ್ದು ಕಾಣೆ;
ಹೊಲಿದೆನೆಂದು ನಾನು ಬರೆದಂತೆಯೂ ಅಲ್ಲ.
ಇದನ್ನು ಇಬ್ಬರಿಗೂ ಹೇಳಲಿಲ್ಲ.
ಇಬ್ಬರಿಂದಲೂ ಬಾಕಿ ಬರಬೇಕಿತ್ತು.

ಒಂದು ಮಾಗಿಯಲ್ಲಿ ಪಾಸ್ಟರು ಅಂದರು:
ನಡುವಿನ ಹಾಳೆ ತೆಗೆದು ಕಟ್ಟು,
ಅಗ್ಗವಾಗುತ್ತದೆ, ಬಡವರೂ ಕೊಳ್ಳಬಹುದು.
ತೆಗೆದೆ. ನಲವತ್ತು ಪ್ರತಿ.
ಒಳ್ಳೆಯ ಕಾಗದ ಎಸೆಯುವ ಕಸುಬಲ್ಲ ನಮ್ಮದು:
ಒಂದರ ಮೇಲೊಂದು ಅಂಟಿಸಿ, ಒತ್ತಿ, ರಟ್ಟು ಮಾಡಿದೆ.
ಕಟುಕ ಮೌಶ್‌ನ ಲೆಕ್ಕದ ಪುಸ್ತಕ,
ಸುಂಕದ ಕಟ್ಟೆಯ ದಫ್ತರು,
ಸೂಲಗಿತ್ತಿಯ ಪಟ್ಟಿ,
ಎಲ್ಲದರ ರಟ್ಟಿನೊಳಗೂ ಈಗ ಆ ನಾಯಿ
ಯಾರನ್ನೋ ಹಿಂಬಾಲಿಸುತ್ತಿದೆ.

ಅಮ್ಮ ತೀರಿಕೊಂಡದ್ದು ನನ್ನ ಪಂಚಾಂಗದ ಫೆಬ್ರವರಿ ಇಪ್ಪತ್ತು,
ಅವಳದರ ಮಾರ್ಚ್ ಎರಡು.
ಮೂವತ್ತನೆಯ ದಿನ ಆಫ್ರಾ ಬಂದು ಬೆಂಚಿನ ತುದಿಗೆ ಕೂತಳು.
‘ನೀನೂ ಒಂದು ಪ್ರಾರ್ಥನೆ ಹೇಳು.
ಅಮ್ಮ ಇನ್ನೂ ದಾರಿಯಲ್ಲಿದ್ದಾಳೆ.’
ಹೇಳಲಾರೆ ಎಂದೆ. ನಮ್ಮಲ್ಲಿ
ಸತ್ತವರ ದಾರಿ ಸತ್ತ ಗಳಿಗೆಗೇ ಮುಗಿಯುತ್ತದೆ.
ಅವಳು ಅಳಲಿಲ್ಲ,
ಶಾಲಿನ ಗಂಟು ಬಿಗಿದುಕೊಂಡಳು.

ದೀಪ ಹಿಡಿದು ಕಪಾಟು ತಡಕಿದೆ.
ಅಂಟು ಕಾಣದ ಒಂದು ಹಾಳೆ ಉಳಿದಿತ್ತು.
ಓದಿದರೆ ಒಳ್ಳೆಯದು ಅಂತ ಇದೆಯಲ್ಲ!
ಓದಿದೆ. ಜೋರಾಗಿ, ಅವಳಿಗೆ ಕೇಳುವ ಹಾಗೆ,
ಬೆರಳಿಟ್ಟು, ಶಾಲೆಯ ಹುಡುಗನ ಹಾಗೆ:
ಯುದ್ಧದಲ್ಲಿ ಬಿದ್ದವರು, ಅವರ ಅಂಗಿಯೊಳಗೆ
ಇರಬಾರದಿದ್ದ ತಾಯಿತಗಳು,
ಉಳಿದವರು ಅವರಿಗಾಗಿ ಕೂಡಿಸಿದ ಬೆಳ್ಳಿ.
ಪ್ರಾರ್ಥಿಸಲಿಲ್ಲ, ಓದಿದೆ ಅಷ್ಟೆ.
ಕೊನೆಗೆ ಆಫ್ರಾ ಆಮೆನ್ ಅಂದಳು.
ನನ್ನ ದನಿ ಯಾಕೆ ಒಡೆದಿತ್ತೆಂದು ಕೇಳಲಿಲ್ಲ.

ಗುಟ್ಟು ರಟ್ಟಾಗುತ್ತದೆ ಅಂತಾರೆ.
ನನ್ನದು ಹಾಗೇ ಆಯಿತು: ಮರುದಿನ
ಆ ಹಾಳೆಗೂ ಅಂಟು ಬಳಿದೆ.
ಪಾಸ್ಟರ್ ಗ್ಲೋಕ್ಲರರಿಗೆ
ಸತ್ತವರ ಹೆಸರು ಬರೆಯಲು ಹೊಸ ಪುಸ್ತಕ ಬೇಕಿತ್ತು;
ರಟ್ಟು ಗಟ್ಟಿ ಇರಲಿ ಎಂದಿದ್ದರು.