ಜನವರಿ ಎಣಿಕೆ

ಪೆನ್ನಿನ ಮಸಿ ಹೆಪ್ಪುಗಟ್ಟುತ್ತೆ, ಪೆನ್ಸಿಲೇ ಸರಿ
ಅನ್ನುತ್ತಾನೆ ವೊಬ್ಬೆ. ಎಪ್ಪತ್ತೊಂದು ಅವನಿಗೆ,
ಕೆಮ್ಮನ್ನೂ ಮಫ್ಲರಿನೊಳಗೇ ಕೆಮ್ಮುತ್ತಾನೆ.

ಒಡ್ಡಿನಾಚೆ ಫ್ರೀಸ್‌ಲ್ಯಾಂಡಿನ ಕಡಲು;
ಈಚೆ, ಅದಕ್ಕಿಂತ ತಗ್ಗಿನಲ್ಲಿ,
ನಾವು, ಹುಲ್ಲು, ಅರೆಗಟ್ಟಿದ ನೀರು.
ಹೆಬ್ಬಾತುಗಳನ್ನು ಒಂದೊಂದಾಗಿ ಎಣಿಸಬಾರದು;
ಹತ್ತರದೊಂದು ಹಿಡಿ ಕಣ್ಣಿಗೆ ಕಲಿಸಿ
ಆ ಹಿಡಿಯಿಂದ ಬಯಲನ್ನು ಅಳೆಯಬೇಕು,
ಸೇರಿನಲ್ಲಿ ಕಾಳು ಅಳೆದ ಹಾಗೆ.

ಯಿಕ್ಕೆಯ ಹೆಬ್ಬೆರಳು ಕ್ಲಿಕ್ಕರ್ ಒತ್ತುತ್ತಿದೆ.
ಆರುನೂರ ನಲವತ್ತು, ಐವತ್ತು,
ಅಷ್ಟರಲ್ಲಿ
ಗಿಡುಗ.
ಬಯಲೇ ಎದ್ದಿತು. ಲೆಕ್ಕವೂ ಎದ್ದು ಹೋಯಿತು,
ತೇನೆಹಕ್ಕಿಗಳು ಬೆಳ್ಳಗೆ ಕಪ್ಪಗೆ ಮಗುಚುತ್ತ.
ಅವು ಮತ್ತೆ ಕೂರುವ ತನಕ
ಫ್ಲಾಸ್ಕಿನ ಬಟಾಣಿ ಸಾರು, ಒಂದೇ ಲೋಟ, ಮೂವರಿಗೆ.

ಹಿನ್ನೀರ ಗೊರವ: ಇಲ್ಲ.
ಸೊನ್ನೆ ಬರಿ, ಅನ್ನುತ್ತಾನೆ.
ಖಾಲಿ ಬಿಟ್ಟರೆ ನಾವೇ ಬರಲಿಲ್ಲ ಅಂತ;
ಸೊನ್ನೆ ಅಂದರೆ, ಬಂದು ಕಾದೆವು ಅಂತ.

ಹಾಳೆ ಮಡಚಿ, ಒಟ್ಟು ಹಾಕಿ, ಸಹಿಯೂ ಆಗಿ
ಸೈಕಲ್ಲಿನತ್ತ ನಡೆವಾಗ
ಬೂಟಿನಡಿಯಿಂದಲೇ ಎದ್ದಿತೊಂದು ಉಲ್ಲಂಕಿ,
ಸೊಟ್ಟಸೊಟ್ಟ ಹಾರಿ ಜೊಂಡಿನಾಚೆ ಮರೆ.
ಗೇಟು ದಾಟಿದ್ದೇವಲ್ಲ, ಅಂದೆ.

ವೊಬ್ಬೆ ಆಗಲೇ
ಕೈಗವಸು ಹಲ್ಲಲ್ಲಿ ಕಚ್ಚಿ ಎಳೆಯುತ್ತಿದ್ದ.